ಅರ್ಧ ಎಕರೆ ಟೆಕ್ಸಾಸ್

ನಮ್ಮ ಮನೆಯಿಂದ ಟೆಕ್ಸಾಸಿಗೆ ನಡೆದು ಹೋದರೆ ಹತ್ತು ನಿಮಿಷ. ನಮ್ಮೂರಿನ ಹೆಂಗಸರು ಹುಣಸೆ ಚಿಗುರು ಬೇಕಾದಾಗ ಚೀಲ ಹಿಡಿದು ಟೆಕ್ಸಾಸಿಗೆ ಹೋಗಿ, ಒಲೆಯ ಮೇಲಿಟ್ಟ ಬೇಳೆ ಬೇಯುವಷ್ಟರಲ್ಲಿ ವಾಪಸು ಬರುತ್ತಾರೆ. ಮೇಕೆ ತಪ್ಪಿಸಿಕೊಂಡರೆ ಮೊದಲು ಹುಡುಕುವುದು ಅಲ್ಲಿಯೇ. ಹೊರಗಿನವರು ಈ ಮಾತು ಕೇಳಿದರೆ ನನಗೆ ಅರಳುಮರಳು ಶುರುವಾಗಿದೆ ಅಂದುಕೊಂಡಾರು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಟೆಕ್ಸಾಸ್ ಅನ್ನುವುದು ನಮ್ಮ ಒಂದು ಹೊಲದ ಹೆಸರು. ದೇವನಹಳ್ಳಿಯ ಕಡೆ, ಬೂದಿಗೆರೆಯಿಂದ ಸ್ವಲ್ಪ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಪ್ರತಿ ಹೊಲಕ್ಕೂ ಒಂದು ಹೆಸರಿದೆ. ಬಾವಿ ಹೊಲ, ಹುತ್ತದ ಹೊಲ, ಅಜ್ಜಿ ಹೊಲ. ಸರ್ವೆ ನಂಬರು ಕಾಗದಕ್ಕೆ, ಹೆಸರು ಬಾಯಿಗೆ. ಈ ಸಾಲಿಗೆ ಅಮೆರಿಕದ ಒಂದು ರಾಜ್ಯ ಬಂದು ಸೇರಿದ್ದಕ್ಕೆ ನಾನೇ ಕಾರಣ. ಅದೇನೂ ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯವಲ್ಲ.

ಕಳೆದ ತಿಂಗಳು ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಕೆಳಗಿಳಿಸಬೇಕಾಯಿತು. ಹಳೆಯ ಪಂಚಾಂಗ, ಪಹಣಿಯ ಪ್ರತಿ, ಅಮ್ಮನ ಒಂದು ರೇಷ್ಮೆ ರವಿಕೆ, ಇವುಗಳ ಅಡಿಯಲ್ಲಿ ಒಂದು ಬಣ್ಣದ ಇಂಗ್ಲಿಷ್ ಪುಸ್ತಿಕೆ ಸಿಕ್ಕಿತು. ಹುಳ ಮೂಲೆ ತಿಂದಿತ್ತು. ಹೊದಿಕೆಯ ಮೇಲೆ ಟೆಕ್ಸಾಸಿನ ನಕಾಶೆ, ಅದರ ಮೇಲೆ ಸಾಲಾಗಿ ಆರು ಬಾವುಟ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬಣ್ಣದವರು ಏಣಿ ಹಿಡಿದು ನಿಂತಿದ್ದರು. "ಅವ್ರು ಕಾಯ್ತಾ ಅವ್ರೆ, ನೀವ್ ನೋಡಿದ್ರೆ ಪುಸ್ತಕ ಬಿಚ್ಕೊಂಡ್ ಕೂತ್ರಾ" ಎಂದು ನನ್ನ ಹೆಂಡತಿ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಐವತ್ತು ವರ್ಷ ಈ ಪುಸ್ತಿಕೆ ಎಲ್ಲೋ ಗೆದ್ದಲಿಗೆ ಹೋಗಿರಬೇಕು ಎಂದು ನಾನು ನಿಶ್ಚಿಂತೆಯಿಂದಿದ್ದೆ. ಅದು ಎದ್ದು ಬಂದದ್ದು, ಆ ಟೆಕ್ಸಾಸ್ ಹೊಲವನ್ನು ಉಳಿಸುವುದೋ ಬಿಡುವುದೋ ಎಂಬ ಮಾತು ಮನೆಯಲ್ಲಿ ಬಿಸಿಯಾಗಿದ್ದ ಹೊತ್ತಿನಲ್ಲೇ.

ಪುಸ್ತಿಕೆ ನಮ್ಮ ಮನೆಗೆ ಬಂದದ್ದು ಒಂದು ಚಕ್ಕೋತದ ಮರದಿಂದ. ಆಗ ನಾನು ಆರನೇ ಕ್ಲಾಸು. ನಮ್ಮ ಕಡೆಯ ಚಕ್ಕೋತದ ರುಚಿ ನಿಮಗೆ ಗೊತ್ತಿಲ್ಲದಿದ್ದರೆ ನಾನೇನು ಹೇಳಿದರೂ ತಿಳಿಯದು. ಅಂಗೈ ದಪ್ಪದ ಸಿಪ್ಪೆ ತೆಗೆದು, ತೊಳೆ ಬಿಡಿಸಿ, ಉಪ್ಪು ಖಾರದ ಪುಡಿ ಹಚ್ಚಿ ತಿನ್ನಬೇಕು. ಒಂದು ದಿನ ಬೆಳಗ್ಗೆ ನಮ್ಮ ಮನೆಯ ಮುಂದೆ ಜೀಪು ನಿಂತಿತು. ತೋಟಗಾರಿಕೆಯ ಆಫೀಸರೊಬ್ಬರು, ಅವರ ಜೊತೆಗೆ ಬಾಗಿಲು ಬಗ್ಗಿ ದಾಟಬೇಕಾದಷ್ಟು ಎತ್ತರದ ಒಬ್ಬ ಬಿಳಿಯ. ಅವನ ಊರು ಟೆಕ್ಸಾಸ್. ಆ ರಾಜ್ಯದ ದಕ್ಷಿಣದ ತುದಿಯಲ್ಲಿ, ನದಿಯ ಪಕ್ಕದಲ್ಲಿ, ನಮ್ಮ ಚಕ್ಕೋತದ ನೆಂಟನೊಬ್ಬ ಬೆಳೆಯುತ್ತಾನಂತೆ, ಗಾತ್ರದಲ್ಲಿ ಚಿಕ್ಕವನು, ಒಳಗೆ ಕೆಂಪು. ಮೂಲದವನನ್ನು ನೋಡಿಕೊಂಡು ಹೋಗೋಣವೆಂದು ಬಂದಿದ್ದ.

ಅಪ್ಪ ಹಣ್ಣು ಬಿಡಿಸಿ ಉಪ್ಪು ಖಾರ ಹಚ್ಚಿ ಕೊಟ್ಟ. ಬಿಳಿಯ ತಿಂದ, ಕಣ್ಣಲ್ಲಿ ನೀರು ತಂದುಕೊಂಡ, ಇನ್ನೊಂದು ತೊಳೆಗೆ ಕೈಚಾಚಿದ. ತಮ್ಮ ಊರಲ್ಲಿ ಇದರ ನೆಂಟನನ್ನು ಅಡ್ಡಕ್ಕೆ ಕೊಯ್ದು, ಸಕ್ಕರೆ ಉದುರಿಸಿ, ಚಮಚದಲ್ಲಿ ಕೆರೆದು ತಿನ್ನುತ್ತಾರೆಂದು ಆಫೀಸರ ಮೂಲಕ ತಿಳಿಸಿದ. ಅಪ್ಪನಿಗೆ ಆ ಜನದ ಮೇಲೆ ಕನಿಕರ ಹುಟ್ಟಿತು. ಅರ್ಧ ಗಂಟೆ ಮರದ ಕೆಳಗೆ ಕೂತಿದ್ದು, ಹೋಗುವಾಗ ಆ ಮನುಷ್ಯ ಅಪ್ಪನಿಗೆ ಪುಸ್ತಿಕೆ ಕೊಟ್ಟು ಎರಡೂ ಕೈ ಜೋಡಿಸಿದ. ತನ್ನ ಅಂಗಳಕ್ಕೆ ಬಂದು, ತನ್ನ ಹಣ್ಣು ತಿಂದು, ತನಗೆ ಕೈಮುಗಿದ ಮೊದಲ ಪರದೇಶಿ. ಅಪ್ಪ ಅವತ್ತೇ ಟೆಕ್ಸಾಸಿಗೆ ಸೋತುಹೋದ.

ಈಗ ತೊಂದರೆ ನನ್ನದು. ಅಪ್ಪನಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದ್ದ ನನಗೆ ಬರುತ್ತದೆ ಎಂಬುದು ಮನೆಯವರೆಲ್ಲರ ನಂಬಿಕೆ. ನನಗೆ ಬರುತ್ತಿದ್ದದ್ದು ಬೆಕ್ಕು ಚಾಪೆಯ ಮೇಲೆ ಕೂತಿದೆ ಎನ್ನುವಷ್ಟು. ಆ ಪುಸ್ತಿಕೆಯಲ್ಲಿ ಬೆಕ್ಕೂ ಇರಲಿಲ್ಲ, ಚಾಪೆಯೂ ಇರಲಿಲ್ಲ.

"ಏನ್ ಬರ್ದವ್ರೆ, ಓದ್ ಹೇಳ್ಲಾ" ಎಂದು ಅಪ್ಪ ಸಂಜೆ ಹಸುವಿಗೆ ಹುಲ್ಲು ಹಾಕಿ ಬಂದು ಜಗಲಿಯ ಮೇಲೆ ಕೂತ.

ಬರುವುದಿಲ್ಲ ಅನ್ನಬಹುದಿತ್ತು. ಆದರೆ ಅಪ್ಪನ ಮುಖದಲ್ಲಿ ಅವತ್ತು ಎಂಥ ಆಸೆ ಇತ್ತೆಂದರೆ, ಬರುವುದಿಲ್ಲ ಎನ್ನಲು ನನಗೆ ನಾಚಿಕೆಯಾಯಿತು. ನಾನು ಅಕ್ಷರದ ಮೇಲೆ ಬೆರಳಾಡಿಸುತ್ತ ಚಿತ್ರಗಳನ್ನು ಓದಿದೆ.

ಹೊದಿಕೆಯ ಆರು ಬಾವುಟ ನೋಡಿ, ಟೆಕ್ಸಾಸನ್ನು ಆರು ಜನ ಅಣ್ಣತಮ್ಮಂದಿರು ಭಾಗ ಮಾಡಿಕೊಂಡಿದ್ದಾರೆ ಎಂದೆ. "ಅದ್ಕೇ ಅಷ್ಟ್ ದೊಡ್ಡ ಜಾಗ ಬೇಕಾಗೈತೆ" ಎಂದು ಅಪ್ಪ ತಲೆದೂಗಿದ. ಎಣ್ಣೆ ಬಾವಿಯ ಗೋಪುರದ ಚಿತ್ರದಲ್ಲಿ ಕಪ್ಪಗೆ ಏನೋ ಮೇಲಕ್ಕೆ ಚಿಮ್ಮುತ್ತಿತ್ತು. ಅಲ್ಲಿ ಬಾವಿ ತೋಡಿದರೆ ನೀರಲ್ಲ, ಎಣ್ಣೆ ಬರುತ್ತದೆ ಎಂದೆ. ಏನೆಣ್ಣೆ ಎಂದು ಅಪ್ಪ ಕೇಳುತ್ತಾನೆ ಅಂತ ನಾನು ಎಣಿಸಿರಲಿಲ್ಲ. ಬಾಯಿಗೆ ಬಂದದ್ದು ಕಡಲೆಕಾಯಿ ಎಣ್ಣೆ. ಮಾರನೆಯ ದಿನ ಊರಿನ ಗಾಣದವನಿಗೆ ಈ ಸುದ್ದಿ ಮುಟ್ಟಿ, ಆತ ಎರಡು ದಿನ ಮಂಕಾಗಿದ್ದನಂತೆ.

ಮುಂದೆ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾದೆ, ಹೆಡ್‌ಮಾಸ್ಟರಾಗಿ ನಿವೃತ್ತನಾದೆ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಹೆದರಿಕೆಯಿಂದ ಟೆಕ್ಸಾಸಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಕದ್ದವನು ಪೋಲೀಸರ ಬೀದಿಯನ್ನು ಚೆನ್ನಾಗಿ ತಿಳಿದುಕೊಳ್ಳುವ ಹಾಗೆ. ನಮ್ಮ ಕರ್ನಾಟಕದಂಥ ಮೂರೂವರೆ ರಾಜ್ಯಗಳನ್ನು ಅದರೊಳಗೆ ಮಲಗಿಸಬಹುದು. ಪೂರ್ವಕ್ಕೆ ಪೈನ್ ಮರದ ಕಾಡು, ಉತ್ತರಕ್ಕೆ ಕಣ್ಣು ಸೋಲುವ ಬಯಲು, ಪಶ್ಚಿಮಕ್ಕೆ ಬೆಟ್ಟ ಮತ್ತು ಮರುಭೂಮಿ, ಆಗ್ನೇಯಕ್ಕೆ ಮೆಕ್ಸಿಕೋ ಕೊಲ್ಲಿಯ ಉಪ್ಪುಗಾಳಿ. ದಕ್ಷಿಣದ ಗಡಿ ರಿಯೊ ಗ್ರ್ಯಾಂಡ್ ನದಿ, ಅದರ ಬುಡದಲ್ಲಿ ನಮ್ಮ ಚಕ್ಕೋತದ ನೆಂಟ. ಅಲ್ಲಿಯ ಒಂದೇ ರಾಜ್ಯದೊಳಗೆ ಬೆಳಗ್ಗೆ ಕಾರು ಹತ್ತಿದವನು ಸಂಜೆಯಾದರೂ ಗಡಿ ಮುಟ್ಟದೆ ಇರಬಹುದು. ನಮ್ಮಲ್ಲೂ ಹೊಸಕೋಟೆಯ ಸೇತುವೆಯ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಅದೇ ಅನುಭವ ಆಗುತ್ತದೆ, ಅದು ಬೇರೆ.

ಆರು ಬಾವುಟದ ವಿಷಯದಲ್ಲಿ ನಾನು ಹೇಳಿದ ಸುಳ್ಳು ತೀರ ಸುಳ್ಳಾಗಿರಲಿಲ್ಲ. ಮೂಲದ ಬುಡಕಟ್ಟಿನ ಜನ ತಮ್ಮ ಪಾಡಿಗೆ ಇದ್ದಲ್ಲಿಗೆ ಸ್ಪೇನಿನವರು ಬಂದು ನಮ್ಮದು ಅಂದರು, ನಡುವೆ ಫ್ರೆಂಚರು ಸ್ವಲ್ಪ ದಿನ ಕಾಲಿಟ್ಟು ಹೋದರು. ಮೆಕ್ಸಿಕೋ ಸ್ಪೇನಿನಿಂದ ಬೇರೆಯಾದಾಗ ಟೆಕ್ಸಾಸ್ ಮೆಕ್ಸಿಕೋದ ಪಾಲಿಗೆ ಬಂತು. ಆಮೇಲೆ ಟೆಕ್ಸಾಸು ಜಗಳವಾಡಿ ಬೇರೆ ಒಲೆ ಹೂಡಿ, ಹತ್ತಿರ ಹತ್ತಿರ ಹತ್ತು ವರ್ಷ ತಾನೇ ಒಂದು ದೇಶವಾಗಿತ್ತು. ಸಂಸಾರ ತೂಗಿಸಲಾಗದೆ ಅಮೆರಿಕದ ಅವಿಭಕ್ತ ಕುಟುಂಬಕ್ಕೆ ಸೇರಿತು. ಗುಲಾಮರನ್ನು ಇಟ್ಟುಕೊಳ್ಳುವ ವಿಷಯಕ್ಕೆ ಮನೆಯೊಡೆದಾಗ ಮತ್ತೆ ದಕ್ಷಿಣದವರ ಜೊತೆ ಎದ್ದು ಹೋಗಿ, ಸೋತು, ವಾಪಸು ಬಂತು. ಆರು ಯಜಮಾನಿಕೆಗೆ ಆರು ಬಾವುಟ. ಈ ಪಾಠವನ್ನು ನಾನು ಕ್ಲಾಸಿನಲ್ಲಿ ಭಾಗದ ಕಥೆಯಾಗಿಯೇ ಹೇಳುತ್ತಿದ್ದೆ. ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತಿತ್ತು, ಎಲ್ಲರ ಮನೆಯಲ್ಲೂ ಒಂದು ಕೇಸು ನಡೆಯುತ್ತಿತ್ತಲ್ಲ.

ಮೊದಲು ಅವರು ಹತ್ತಿ ಬೆಳೆದರು, ದನ ಸಾಕಿದರು. ರೈಲು ಸಿಗುವ ಊರಿನವರೆಗೆ ದನದ ಹಿಂಡನ್ನು ತಿಂಗಳುಗಟ್ಟಲೆ ನಡೆಸಿಕೊಂಡೇ ಹೋಗುತ್ತಿದ್ದರು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಕರಾವಳಿಯ ಹತ್ತಿರ ಒಂದು ಸಣ್ಣ ದಿಬ್ಬದಲ್ಲಿ ತೂತು ಕೊರೆದರೆ ಎಣ್ಣೆ ಆಕಾಶಕ್ಕೆ ಹಾರಿತು. ಅಲ್ಲಿಂದ ಅವರ ಹಣೆಬರಹ ಬದಲಾಯಿತು. ಈಗ ಎಣ್ಣೆಯ ಜೊತೆಗೆ ಕಂಪ್ಯೂಟರ್ ಚಿಪ್ಪು, ರಾಕೆಟ್ಟು, ಗಾಳಿಯಿಂದ ಕರೆಂಟು. ದೇವನಹಳ್ಳಿಯ ಕಡೆ ಏರ್‌ಪೋರ್ಟು ಬಂದ ಮೇಲೆ ನಮ್ಮ ದ್ರಾಕ್ಷಿ ತೋಟಗಳ ಗತಿ ನೋಡಿದವನಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ನೆಲದ ಕೆಳಗೋ ಮೇಲೋ ಏನಾದರೂ ಬಂದುಬಿಟ್ಟರೆ, ನೆಲ ಮೊದಲು ಏನು ಬೆಳೆಯುತ್ತಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ದನದ ಚಿತ್ರದ ವಿಷಯ ಹೇಳಬೇಕು. ಒಂದು ಪುಟದ ತುಂಬ ಹುಲ್ಲುಗಾವಲು, ಅದರಲ್ಲಿ ಒಂದು ಹಿಂಡು. ಮುಂದೆ ನಿಂತಿದ್ದ ಹೋರಿಗೆ ಬೆನ್ನ ಮೇಲೆ ಹಿಣಿಲು, ಕೊರಳಲ್ಲಿ ಜೋಲುವ ಗಂಗೆದೊಗಲು. ಅಪ್ಪ ಅದನ್ನು ಬಹಳ ಹೊತ್ತು ನೋಡಿ, "ಇದು ನಮ್ ಕಡೆ ದನ ಕಣ್ಲಾ" ಎಂದ. ಅಲ್ಲ, ಹಾಗೆಂದು ಬರೆದಿಲ್ಲ ಎಂದು ನಾನು ಗದರಿದ ಹಾಗೆ ಹೇಳಿದೆ. ಎಷ್ಟೋ ವರ್ಷದ ಮೇಲೆ ಓದಿದೆ, ಅಲ್ಲಿಯ ಹಿಣಿಲಿನ ದನದ ಮೂಲ ಭಾರತದ್ದೇ. ಇಂಗ್ಲಿಷ್ ಅಕ್ಷರ ಬಾರದ ಅಪ್ಪ ಚಿತ್ರವನ್ನು ಸರಿಯಾಗಿ ಓದಿದ್ದ. ಅಕ್ಷರ ಬರುವ ನಾನು ಎರಡನ್ನೂ ಓದಿರಲಿಲ್ಲ.

ಅದೇ ಪುಟದಲ್ಲಿ ನನ್ನ ದೊಡ್ಡ ಅಪರಾಧ ನಡೆದದ್ದು. ನಮ್ಮ ಹುತ್ತದ ಹೊಲದ ಕೊನೆಗೆ ಅರ್ಧ ಎಕರೆ ಕಲ್ಲುಭೂಮಿ ಇತ್ತು. ಪ್ರತಿ ಸಲ ಮಳೆ ಬಂದು ರಾಗಿ ಬಿತ್ತುವ ಮುಂಚೆ ಅಲ್ಲಿ ಕಲ್ಲು ಆಯುವುದು ನನ್ನ ಕೆಲಸ. ಆಯ್ದು ಮಂಕರಿಗೆ ತುಂಬಿ, ಬದುವಿಗೆ ಹೊತ್ತು ಹಾಕಬೇಕು. ಮುಂದಿನ ವರ್ಷಕ್ಕೆ ನೆಲ ಮತ್ತೆ ಅಷ್ಟೇ ಕಲ್ಲು ಕಕ್ಕುತ್ತಿತ್ತು. ಉಗುರು ಕಿತ್ತುಬರುತ್ತಿತ್ತು, ಸೊಂಟ ಬೀಳುತ್ತಿತ್ತು. ಅವತ್ತಿಗೆ ಒಂದು ವಾರದಲ್ಲಿ ಆ ಕೆಲಸ ಬರುವುದಿತ್ತು. ನಾನು ಹುಲ್ಲುಗಾವಲಿನ ಚಿತ್ರದ ಕೆಳಗೆ ಬೆರಳಿಟ್ಟು ಓದಿದೆ: "ಟೆಕ್ಸಾಸ್‌ನಾಗೆ ಪ್ರತಿ ರೈತನೂ ಒಂದ್ ತುಂಡು ಜಾಗ ಉಳ್ದೆ ಬಿಡ್ತಾನಂತೆ. ದನಕ್ಕೆ, ಹಕ್ಕಿಗೆ ಅಂತ. ಅದ್ನ ಯಾರೂ ಮುಟ್ಟಲ್ವಂತೆ. ಮುಟ್ಟಿದ್ರೆ ಊರೋರು ನಗ್ತಾರಂತೆ."

ಮಾರನೆಯ ಬೆಳಗ್ಗೆ ನೇಗಿಲು ಆ ಕಲ್ಲುಭೂಮಿಯ ಅಂಚಿಗೆ ಬಂದಾಗ ಅಪ್ಪ ಎತ್ತುಗಳನ್ನು ತಿರುಗಿಸಿಬಿಟ್ಟ. "ಇದು ಟೆಕ್ಸಾಸ್" ಎಂದು ಪಕ್ಕದ ಹೊಲದವನಿಗೆ ಕೂಗಿ ಹೇಳಿದ. ಊರು ನಕ್ಕಿತು. ಹೆಸರು ನಿಂತಿತು.

ಉಳದೆ ಬಿಟ್ಟ ನೆಲ ಸುಮ್ಮನಿರುವುದಿಲ್ಲ. ಹತ್ತಿರದ ನಲ್ಲೂರಿನ ಹುಣಸೆ ತೋಪಿನಿಂದ ಯಾವ ಹಕ್ಕಿ, ಯಾವ ಕೋತಿ ಬೀಜ ತಂದಿತೋ, ಎರಡು ಮಳೆಗಾಲ ಕಳೆಯುವುದರಲ್ಲಿ ಸಸಿಗಳೆದ್ದವು. ಬೇಲಿಯ ಕಡೆ ಎರಡು ಹೊಂಗೆ, ನಡುವೆ ಒಂದು ಬೇವು. ಅಪ್ಪ ಕೈಯಾರೆ ನೆಟ್ಟದ್ದು ಒಂದೂ ಇಲ್ಲ, ಕಡಿಯಲು ಬಿಟ್ಟದ್ದೂ ಇಲ್ಲ. ಈಗ ಅಲ್ಲಿ ಹನ್ನೊಂದು ದೊಡ್ಡ ಹುಣಸೆ ಮರಗಳಿವೆ. ಸುತ್ತಲಿನ ಹೊಲಗಳೆಲ್ಲ ಲೇಔಟು, ಗೋಡೌನು, ಕಾಂಪೌಂಡು ಆದವು. ಬೇಸಿಗೆಯಲ್ಲಿ ಲಾರಿ ಡ್ರೈವರುಗಳು ಬಂದು ಮಲಗುವುದು ಟೆಕ್ಸಾಸಿನಲ್ಲೇ.

ಈ ಅರ್ಧ ಎಕರೆಗೆ ಗೋಡೌನು ಹಾಕಬೇಕೆಂದು ನನ್ನ ತಮ್ಮ ಗೋಪಾಲ ಒಂದು ವರ್ಷದಿಂದ ಹಿಂದೆ ಬಿದ್ದಿದ್ದ. ಅವನನ್ನು ಬಯ್ಯಲು ನನಗೆ ಮನಸ್ಸಿಲ್ಲ. ಬೇಸಾಯದಲ್ಲಿ ಬೆನ್ನು ಮುರಿದುಕೊಂಡವನು ಅವನು, ಸಂಬಳ ಪಿಂಚಣಿ ಉಂಡವನು ನಾನು. ಜಮೀನು ಇನ್ನೂ ಅಪ್ಪನ ಹೆಸರಿನಲ್ಲಿದೆ. ಅಪ್ಪನಿಗೆ ಈಗ ತೊಂಬತ್ತು, ಅವನೇ ಹೇಳುವ ಲೆಕ್ಕದಲ್ಲಿ. ನಮ್ಮ ಜೊತೆಯಲ್ಲೇ ಇದ್ದಾನೆ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಗೋಡೌನಿನ ಮಾತೆತ್ತಿದರೆ ಅವನದು ಒಂದೇ ಉತ್ತರ: "ಟೆಕ್ಸಾಸ್‌ನಾಗೆ ಆ ಜಾಗ ಯಾರೂ ಮುಟ್ಟಲ್ಲ."

ಪೆಟ್ಟಿಗೆಯಲ್ಲಿ ಪುಸ್ತಿಕೆ ಸಿಕ್ಕ ಸುದ್ದಿ ಸಂಜೆಯೊಳಗೆ ಗೋಪಾಲನಿಗೆ ಮುಟ್ಟಿತು. ಪಕ್ಕದ ಮನೆಯಿಂದ ಬಂದು, ನನ್ನ ಕೈಯಲ್ಲಿದ್ದದ್ದನ್ನು ನೋಡಿದ.

"ಅಣ್ಣಾ, ಒಳ್ಳೇದೇ ಆಯ್ತು. ಅಪ್ಪನ್ ಮುಂದೆ ಓದ್ಬಿಡು. ಅಪ್ಪ ಹೇಳೋ ಹಂಗೆ ಬರ್ದಿದ್ರೆ ಇನ್ಮೇಲೆ ಗೋಡೌನ್ ಅನ್ನೋ ಮಾತೇ ಎತ್ತಲ್ಲ ನಾನು. ಬರ್ದಿಲ್ಲಾಂದ್ರೆ ಅಪ್ಪ ಒಪ್ಕೋಬೇಕು."

"ಆಗ್ಲಿ, ಓದ್ಲಿ" ಎಂದ ಅಪ್ಪ ಒಳಗಿನಿಂದ. ಅವನಿಗೆ ತನ್ನ ಗೆಲುವಿನ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಹೀಗೆ ಐವತ್ತು ವರ್ಷದ ಮೇಲೆ ಅದೇ ಜಗಲಿ, ಅದೇ ಪುಸ್ತಿಕೆ, ಅದೇ ಅಪ್ಪ. ನಾನು ದನದ ಪುಟ ತೆರೆದೆ. ಈಗ ಪ್ರತಿ ಅಕ್ಷರವೂ ಓದಲು ಬರುತ್ತಿತ್ತು, ಅದೇ ನನ್ನ ಕಷ್ಟ. ಅಲ್ಲಿ ಬರೆದಿದ್ದದ್ದು ಇಷ್ಟು: ಈ ರಾಜ್ಯದ ರೈತರು ವಿಸ್ತಾರವಾದ ಹುಲ್ಲುಗಾವಲುಗಳಲ್ಲಿ ದನ ಸಾಕುತ್ತಾರೆ, ಬಿಸಿಲನ್ನು ತಡೆಯುವ ತಳಿಗಳನ್ನು ಹೊರದೇಶಗಳಿಂದ ತಂದಿದ್ದಾರೆ, ಮಾಂಸದ ವ್ಯಾಪಾರ ಇಲ್ಲಿ ಬಹಳ ದೊಡ್ಡದು. ಉಳದೆ ಬಿಡುವ ಮಾತಿಲ್ಲ, ಹಕ್ಕಿಯಿಲ್ಲ, ನಗುವ ಊರೂ ಇಲ್ಲ.

ಗೋಪಾಲ ಪುಸ್ತಿಕೆಯ ಕಡೆ ನೋಡುತ್ತಿರಲಿಲ್ಲ, ನನ್ನ ಬಾಯಿಯ ಕಡೆ ನೋಡುತ್ತಿದ್ದ. ಅವನು ನನ್ನನ್ನು ನಂಬಿದ್ದ. ಹಳೆಯ ಸುಳ್ಳನ್ನೇ ಮತ್ತೊಮ್ಮೆ ಓದಿದ್ದರೆ ಮರ ಉಳಿಯುತ್ತಿತ್ತು, ಅಪ್ಪನ ಮಾನ ಉಳಿಯುತ್ತಿತ್ತು. ನಿಜ ಓದಿದರೆ ಎರಡೂ ಹೋಗುತ್ತಿದ್ದವು. ನಿಜ ಹೇಳಿ ಎಂದು ಸಾವಿರಾರು ಮಕ್ಕಳಿಗೆ ಹೇಳಿದವನು ನಾನು. ಆ ಮರಗಳೆಂದರೆ ನನಗೆ ಪ್ರಾಣ, ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೆ ನನ್ನನ್ನು ನಂಬಿ ಕೂತ ತಮ್ಮನಿಗೆ ಈ ವಯಸ್ಸಿನಲ್ಲಿ ಮೋಸ ಮಾಡಲು ಆಗಲಿಲ್ಲ. ಆರನೇ ಕ್ಲಾಸಿನಲ್ಲಿ ಎಷ್ಟು ಸಲೀಸಾಗಿ ಆಗಿತ್ತು.

"ಅಪ್ಪಾ, ಇದ್ರಾಗೆ ಹಂಗ್ ಬರ್ದಿಲ್ಲ" ಎಂದೆ. "ಆವತ್ತೂ ಇರ್ಲಿಲ್ಲ. ನಂಗೆ ಇಂಗ್ಲಿಷ್ ಬರ್ತಿರ್ಲಿಲ್ಲ. ನಾನೇ ಕಟ್ಟಿ ಹೇಳ್ದೆ."

ಗೋಪಾಲನಿಗೂ ಇಷ್ಟು ದೊಡ್ಡ ಗೆಲುವು ಬೇಕಿರಲಿಲ್ಲ ಅಂತ ಕಾಣುತ್ತದೆ, ತಲೆ ತಗ್ಗಿಸಿದ. ಅಪ್ಪ ಕೈಚಾಚಿ ಪುಸ್ತಿಕೆ ತೆಗೆದುಕೊಂಡ. ಹಿಣಿಲಿನ ಹೋರಿಯನ್ನು ಹತ್ತಿರ ಹಿಡಿದು ನೋಡಿದ.

"ಯಾಕ್ಲಾ ಹಂಗ್ ಹೇಳ್ದೆ?"

"ಕಲ್ಲು ಆಯೋಕೆ ಬೇಜಾರಾಗಿತ್ತು."

"ಮತ್ತೆ ಅವ್ರು ಅಂಥ ಜಾಗ ಏನ್ ಮಾಡ್ತಾರೆ?"

"ಉಳ್ತಾರೆ. ಇಲ್ಲಾಂದ್ರೆ ಎಣ್ಣೆ ತೆಗೀತಾರೆ. ಗೋಡೌನೂ ಕಟ್ತಾರೆ."

ಅಪ್ಪನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ, ಕೆಳಗೆ ನೋಡುತ್ತ ಕೂತಿದ್ದೆ. ಐವತ್ತು ವರ್ಷ ಊರಿನ ನಗುವನ್ನು ಒಂದು ಪುಸ್ತಕದ ಬಲದ ಮೇಲೆ ತಡೆದುಕೊಂಡವನು. ಆ ಪುಸ್ತಕ ಅವನ ಕೈಯಲ್ಲೇ ಇತ್ತು, ಬಲ ಮಾತ್ರ ಇರಲಿಲ್ಲ.

"ಹಂಗಾದ್ರೆ ಅವ್ರಿಗೊಂದು ಕಾಗ್ದ ಬರಿ" ಎಂದ ಅಪ್ಪ. "ನಾವು ಇಲ್ಲಿ ಹಿಂಗ್ ಮಾಡಿದ್ವಿ, ಚೆನ್ನಾಗೈತೆ, ನೀವೂ ಮಾಡಿ ನೋಡಿ ಅಂತ. ಪಾಪ, ಅವ್ರಿಗೆ ಹಣ್ಣು ತಿನ್ನೋದೇ ಗೊತ್ತಿಲ್ಲ, ಇದೆಲ್ಲಿ ಗೊತ್ತಿರ್ತದೆ."

"ಅಪ್ಪಾ, ಮಾತು ಮಾತೇ ಅಲ್ವಾ" ಎಂದ ಗೋಪಾಲ. "ಬರ್ದಿಲ್ಲಾಂದ್ರೆ ಒಪ್ಕೋಬೇಕು ಅಂದಿದ್ದೆ."

"ಒಪ್ಕೊಂಡೆ. ಬರ್ದಿಲ್ಲ ಅಂತ ಒಪ್ಕೊಂಡೆ" ಎಂದ ಅಪ್ಪ. "ಹೆಸ್ರು ಅವ್ರದು ಕಣ್ಲಾ. ಮರ ಅವ್ರದಾ? ನಾನಿರೋವರ್ಗೂ ಇರ್ಲಿ. ಆಮೇಲೆ ನೀವಿಬ್ರೂ ಮರದ್ ಕೆಳ್ಗೆ ಕೂತ್ಕೊಂಡು ಮಾತಾಡ್ಕೊಳಿ. ಬಿಸಿಲಾಗೆ ಕೂತ್ ಮಾತಾಡ್ಬೇಡಿ."

ಆಮೇಲೆ ನನ್ನ ಕಡೆ ತಿರುಗಿದ. "ನೀನು ನಾಳೆ ಬೆಳಗ್ಗೆ ಮಂಕ್ರಿ ತಗಂಡ್ ಬಾ. ಆವತ್ತಿನ್ ಕಲ್ಲು ಹಂಗೇ ಬಿದ್ದವೆ."

ನಾನು ನಿವೃತ್ತ ಹೆಡ್‌ಮಾಸ್ಟರು, ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವವನು, ಊರಿನ ಸಭೆಗಳಲ್ಲಿ ಮುಂದಿನ ಕುರ್ಚಿಯಲ್ಲಿ ಕೂರುವವನು. ಮಾರನೆಯ ಬೆಳಗ್ಗೆ ಮಂಕರಿ ಹಿಡಿದು ಟೆಕ್ಸಾಸಿಗೆ ಹೋದೆ. ಹುಣಸೆಯ ತರಗೆಲೆ ಸರಿಸಿದರೆ ಕಲ್ಲುಗಳು ನನಗಾಗಿಯೇ ಕಾದಿದ್ದಂತೆ ಬಿದ್ದಿದ್ದವು. ಆಯ್ದು ಬದುವಿಗೆ ಸುರಿದೆ, ಮತ್ತೆ ಆಯ್ದೆ. ಎಲೆ ಕೀಳಲು ಬಂದ ಹೆಂಗಸೊಬ್ಬಳು "ಏನ್ ಮೇಷ್ಟ್ರೇ, ರಾಗಿ ಹಾಕ್ತೀರಾ" ಎಂದು ಕೇಳಿದಳು. ಇಲ್ಲಮ್ಮ, ಹಳೇ ಕೆಲಸ ಬಾಕಿ ಇತ್ತು ಎಂದೆ. ಗೋಪಾಲ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬಂದು, ಬದುವಿನ ಮೇಲೆ ನಾನು ಸುರಿದ ಕಲ್ಲು ನೋಡಿ, ಹಿಂಗ್ ಸುರಿದ್ರೆ ಮಳೆಗೆ ಜಾರ್ತವೆ ಎಂದು ಗೊಣಗಿ, ಕೂತು ಒಂದೊಂದಾಗಿ ಜೋಡಿಸತೊಡಗಿದ.

ಅಪ್ಪನನ್ನು ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದೆವು. ಮೊಳಕಾಲ ಮೇಲೆ ಪುಸ್ತಿಕೆ, ಕೈಯಲ್ಲಿ ಕೋಲು. ಹತ್ತು ಗಂಟೆಯ ಬಿಸಿಲಿಗೆ ನನಗೆ ಸೊಂಟ ಬಿದ್ದು, ಇವತ್ತಿಗೆ ಸಾಕು ಎಂದು ಮಂಕರಿ ಎತ್ತಿಕೊಂಡೆ. ಅಪ್ಪ ಕೋಲು ಚಾಚಿ ನನ್ನ ಕಾಲಿನ ಹಿಂದೆ ತೋರಿಸಿದ.

"ಅಲ್ಲೊಂದು ಬಿಟ್ಟಿದೀಯ ನೋಡು."